ಬೆಲೆಪಟ್ಟಿ ಬರೆದ ಪ್ರತಿನಿಧಿ

ಲಂಚದ ವ್ಯವಹಾರಕ್ಕೆ ಸಾಮಾನ್ಯವಾಗಿ ಬರಹದ ಸಾಕ್ಷ್ಯವಿರುವುದಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡೂ ಕತ್ತಲಲ್ಲಿಯೇ ಕೆಲಸ ಮಾಡುತ್ತವೆ. ಆದರೆ ಅಮೆರಿಕದ ಶಾಸಕನೊಬ್ಬ ತನ್ನ ಅಧಿಕಾರದ ಬೆಲೆಪಟ್ಟಿಯನ್ನು ತಾನೇ, ಅದೂ ಶಾಸನಸಭೆಯ ಮುದ್ರೆಯುಳ್ಳ ಕಾಗದದ ಮೇಲೆ, ಬರೆದ. ಆತನ ಹೆಸರು ರ‍್ಯಾಂಡಿ ಕನಿಂಗ್‌ಹ್ಯಾಮ್. ಪರದೇಶದ ಹಗರಣವೊಂದರ ಕುತೂಹಲಕ್ಕಾಗಿ ನಾನು ಆತನ ಕಥೆಯನ್ನು ಎತ್ತಿಕೊಂಡಿಲ್ಲ. ವೀರನಿಗೆ ಸಲ್ಲಿಸುವ ಗೌರವ ಬೇರೆ, ಅವನ ಕೈಗೆ ಬೊಕ್ಕಸದ ಬೀಗದಕೈ ಒಪ್ಪಿಸುವುದು ಬೇರೆ ಎಂಬುದನ್ನು ಈ ಪ್ರಸಂಗ ತಿಳಿಯಾಗಿ ತೋರಿಸುತ್ತದೆ.

ಕನಿಂಗ್‌ಹ್ಯಾಮ್ ನಿಜವಾದ ವೀರ, ಅದರಲ್ಲಿ ಸಂಶಯವಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ನೌಕಾಪಡೆಯ ವಿಮಾನಚಾಲಕನಾಗಿದ್ದ ಆತ, ಸಹಚರ ವಿಲಿಯಂ ಡ್ರಿಸ್ಕಾಲ್‌ನೊಡನೆ ಐದು ಮಿಗ್ ವಿಮಾನಗಳನ್ನು ಉರುಳಿಸಿದ. ಅವುಗಳಲ್ಲಿ ಮೂರು, 1972ರ ಮೇ 10ರ ಒಂದೇ ದಿನ. ಅಂದೇ ಆತನ ವಿಮಾನಕ್ಕೂ ಕ್ಷಿಪಣಿ ತಗುಲಿತು. ಉರಿಯುತ್ತಿದ್ದ ವಿಮಾನವನ್ನು ಕಡಲಿನವರೆಗೆ ಸಾಗಿಸಿ, ಇಬ್ಬರೂ ಹೊರಕ್ಕೆ ಧುಮುಕಿ ಪಾರಾದರು. ಆತನಿಗೆ ನೇವಿ ಕ್ರಾಸ್ ಪದಕ ಸಂದಿತು. 1990ರಲ್ಲಿ ಸ್ಯಾನ್ ಡಿಯಾಗೋ ಪ್ರದೇಶದ ಮತದಾರರು ಈ ಯೋಧನನ್ನು ರಿಪಬ್ಲಿಕನ್ ಪಕ್ಷದಿಂದ ಪ್ರತಿನಿಧಿಸಭೆಗೆ ಆರಿಸಿ ಕಳುಹಿಸಿದರು.

ಅಲ್ಲಿ ಆತನಿಗೆ ಹಣ ಮಂಜೂರಾತಿ ಸಮಿತಿಯ ರಕ್ಷಣಾ ಉಪಸಮಿತಿಯಲ್ಲಿ ಸ್ಥಾನ ದೊರೆಯಿತು. ಇದರ ಮಹತ್ವವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರ್ಕಾರ ತಾನಾಗಿ ಕೇಳದ ವೆಚ್ಚವನ್ನೂ ಅಲ್ಲಿನ ಶಾಸಕರು ಮಸೂದೆಯೊಳಗೆ ಸೇರಿಸಬಲ್ಲರು; ‘ಇಯರ್‌ಮಾರ್ಕ್’ ಎಂದು ಅದಕ್ಕೆ ಹೆಸರು. ನೂರಾರು ಬಾಬುಗಳ ನಡುವೆ ಇಂಥ ಒಂದು ಸಾಲನ್ನು ಯಾರು ಸೇರಿಸಿದರೆಂಬುದು ಆ ದಿನಗಳಲ್ಲಿ ಹೊರಗಿನವರಿಗೆ ಸುಲಭವಾಗಿ ತಿಳಿಯುತ್ತಿರಲಿಲ್ಲ. ರಕ್ಷಣೆಯ ವಿಷಯಕ್ಕಂತೂ ಗೋಪ್ಯದ ಪರದೆ ಬೇರೆ. ಆ ಒಂದು ಸಾಲೇ ಯಾರಿಗೋ ಭಾರಿ ಗುತ್ತಿಗೆಯಾಗಿ ಪರಿಣಮಿಸುತ್ತಿತ್ತು.

ಮಿಚೆಲ್ ವೇಡ್ ಎಂಬ ಗುತ್ತಿಗೆದಾರ ಈ ಮರ್ಮವನ್ನು ಬಲ್ಲವನಾಗಿದ್ದ. ಆತನಿಗಾಗಿಯೇ ಬರೆದ ಪಟ್ಟಿಯಲ್ಲಿ ಎಡಗಡೆ ಗುತ್ತಿಗೆಯ ಮೊತ್ತ, ಬಲಗಡೆ ಲಂಚದ ಮೊತ್ತ. 1 ಕೋಟಿ 60 ಲಕ್ಷ ಡಾಲರಿನ ಗುತ್ತಿಗೆಗೆ 1 ಲಕ್ಷ 40 ಸಾವಿರ ಡಾಲರಿನ ದೋಣಿ. ಮುಂದೆ ಪ್ರತಿ 10 ಲಕ್ಷಕ್ಕೆ 50 ಸಾವಿರ. 2 ಕೋಟಿ ದಾಟಿದ ಮೇಲೆ 25 ಸಾವಿರ. ಹೆಚ್ಚು ಕೊಳ್ಳುವ ಗಿರಾಕಿಗೆ ದರ ಇಳಿಸುವ ಅಂಗಡಿಯ ಧರ್ಮವನ್ನು ಆತ ಇಲ್ಲಿಯೂ ಬಿಡಲಿಲ್ಲ! ರೋಲ್ಸ್ ರಾಯ್ಸ್ ಕಾರು, ಪುರಾತನ ಪೀಠೋಪಕರಣ, ರತ್ನಗಂಬಳಿಗಳೂ ಹೀಗೆಯೇ ಒದಗಿಬಂದವು.

ಇಷ್ಟಾದರೂ ಆತನನ್ನು ಹಿಡಿದುಕೊಟ್ಟದ್ದು ಶಾಸನಸಭೆಯಲ್ಲ, ಒಂದು ಮನೆಯ ಕ್ರಯಪತ್ರ. 2003ರಲ್ಲಿ ವೇಡ್ ಆತನ ಮನೆಯನ್ನು 16,75,000 ಡಾಲರಿಗೆ ಕೊಂಡು, ಮನೆಗಳ ಬೆಲೆ ಏರುತ್ತಿದ್ದ ಕಾಲದಲ್ಲಿಯೇ 7 ಲಕ್ಷ ಡಾಲರ್ ನಷ್ಟಕ್ಕೆ ಮಾರಿದ. ಯಾರು ಬೇಕಾದರೂ ನೋಡಬಹುದಾಗಿದ್ದ ಈ ದಾಖಲೆಗಳನ್ನು ವರದಿಗಾರ ಮಾರ್ಕಸ್ ಸ್ಟರ್ನ್ ತೆರೆದು ನೋಡಿದ. 2005ರ ಜೂನ್‌ನಲ್ಲಿ ವರದಿ ಅಚ್ಚಾಯಿತು. ಮೊದಲು ಎಲ್ಲವನ್ನೂ ಅಲ್ಲಗಳೆದ ಕನಿಂಗ್‌ಹ್ಯಾಮ್, ನವೆಂಬರ್ 28ರಂದು ಕನಿಷ್ಠ 24 ಲಕ್ಷ ಡಾಲರ್ ಲಂಚ ಪಡೆದುದಾಗಿ ನ್ಯಾಯಾಲಯದಲ್ಲಿ ಒಪ್ಪಿಕೊಂಡು ಸ್ಥಾನ ತೊರೆದ. 2006ರ ಮಾರ್ಚ್‌ನಲ್ಲಿ 8 ವರ್ಷ 4 ತಿಂಗಳ ಸೆರೆವಾಸ ವಿಧಿಸಲ್ಪಟ್ಟಿತು. 2013ರಲ್ಲಿ ಬಿಡುಗಡೆ, 2021ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಅವರಿಂದ ಷರತ್ತಿನ ಕ್ಷಮಾದಾನ.

ಹಾಗಾದರೆ ಆ ಶೌರ್ಯ ಸುಳ್ಳೇ? ನಾನು ಹಾಗೆ ಹೇಳಲಾರೆ. ಶತ್ರುವಿನ ಗುಂಡಿಗೆ ಎದೆಯೊಡ್ಡುವ ಧೈರ್ಯ ಒಂದು ಗುಣ. ಯಾರೂ ನೋಡದಲ್ಲಿ ಪರರ ಹಣವನ್ನು ಮುಟ್ಟದಿರುವ ನಿಗ್ರಹ ಇನ್ನೊಂದು ಗುಣ. ಮೊದಲನೆಯದು ಇದ್ದಲ್ಲಿ ಎರಡನೆಯದೂ ಇದ್ದೇ ಇರುವುದೆಂದು ಮತದಾರರು ನಂಬಿದರು. ಆ ನಂಬಿಕೆ ಸಹಜವಾದದ್ದು. ಬೇಲಿಯೇ ಎದ್ದು ಹೊಲ ಮೇಯಲು ಎಡೆಯಾದದ್ದೂ ಅಲ್ಲಿಯೇ. 2007ರಲ್ಲಿ ಪ್ರತಿನಿಧಿಸಭೆ, ಇಯರ್‌ಮಾರ್ಕ್ ಕೇಳಿದವರ ಹೆಸರನ್ನು ಬಹಿರಂಗಪಡಿಸುವ ನಿಯಮ ಮಾಡಿತು. ಪದಕವನ್ನು ನೋಡಿ ಗೌರವಿಸೋಣ. ಆದರೆ ಲೆಕ್ಕವನ್ನು ತೆರೆದಿಟ್ಟು ನೋಡುವುದು ಆ ಗೌರವಕ್ಕೆ ಅಪಚಾರವೆಂದು ಭಾವಿಸದಿರೋಣ.