ನಿಮಗಿದು ಗೊತ್ತೆ? ರೂತ್ ಕಟ್ಟಿದ ಮನೆ

ಅಮೆರಿಕದ ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪನಿಗೆ ‘ರೂತ್ ಕಟ್ಟಿದ ಮನೆ’ ಎಂಬ ಅಡ್ಡಹೆಸರಿತ್ತು. ಆ ರೂತ್ ಬೇರಾರೂ ಅಲ್ಲ, 1928ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ರಿದಮ್ ಅಂಡ್ ಬ್ಲೂಸ್ ಗಾಯಕಿ ರೂತ್ ಬ್ರೌನ್. ಕಾರು ಅಪಘಾತದಲ್ಲಿ ಕಾಲಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅವರು ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿದ್ದರು. 1950ರಲ್ಲಿ ಬಂದ ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ ಹಾಡು ಒಟ್ಟು 11 ವಾರ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಅರವತ್ತರ ದಶಕದಲ್ಲಿ ಅವಕಾಶಗಳು ಕೈತಪ್ಪಿದಾಗ ಮನೆಗೆಲಸ ಮಾಡಿದರು, ಶಾಲಾ ಬಸ್ ಓಡಿಸಿದರು. ತಮಗೆ ಬರಬೇಕಿದ್ದ ರಾಯಧನಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಅದರ ಫಲವಾಗಿ, ಹಿರಿಯ ಕಲಾವಿದರಿಗೆ ನೆರವಾಗುವ ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ 1988ರಲ್ಲಿ ಹುಟ್ಟಿಕೊಂಡಿತು. ರೂತ್ ಅವರಿಗೆ 1989ರಲ್ಲಿ ಟೋನಿ, ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಒಲಿದವು. 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೂ ಅವರು ಸೇರ್ಪಡೆಯಾದರು.