ಪುರಾತನ ಸ್ತರಭಂಗಗಳು ಮತ್ತು ಪರ್ವತಗಳ ಅಂತಾರಚನೆ: ಪಶ್ಚಿಮ ಆಲ್ಪ್ಸ್‌ನ ಸಾಕ್ಷ್ಯ

ಭೂಚಿಪ್ಪಿನ ಸಂಕೋಚನದಿಂದ ಪರ್ವತ ಶ್ರೇಣಿಗಳು ಮೈದಳೆಯುತ್ತವೆಂಬುದು ಸರ್ವವಿದಿತ. ಆದರೆ ಹೀಗೆ ಸಂಕೋಚನಕ್ಕೆ ಒಳಗಾಗುವ ಚಿಪ್ಪು ಅದಕ್ಕೂ ಮುನ್ನ ಹಿಗ್ಗಿ, ಸೀಳಿ, ಕುಸಿದಿರುವುದುಂಟು. ಆ ಕಾಲದಲ್ಲಿ ಶಿಲೆಗಳು ಒಡೆದು ಜಾರಿದ ತಲಗಳು, ಅಂದರೆ ಸ್ತರಭಂಗಗಳು, ಮುಂದೆ ಮೇಲೇಳುವ ಪರ್ವತದ ರಚನೆಯನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತವೆ ಎಂಬ ಪ್ರಶ್ನೆಗೆ ಪಶ್ಚಿಮ ಆಲ್ಪ್ಸ್ ನೀಡುವ ಉತ್ತರ ಸರಳವಾದುದಲ್ಲ.

ಫ್ರಾನ್ಸಿನ ಗ್ರೆನೋಬಲ್ ನಗರದ ಆಗ್ನೇಯಕ್ಕಿರುವ ಬೂರ್ ದ್ವಾಜಾಂ ಪ್ರದೇಶ ಈ ಅಧ್ಯಯನಕ್ಕೆ ಪ್ರಸಿದ್ಧವಾದುದು. ಸುಮಾರು 20 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಆರಂಭದಲ್ಲಿ, ಯುರೋಪಿನ ಅಂಚು ಹಿಗ್ಗತೊಡಗಿತು. ಟೆಥಿಸ್ ಸಾಗರದ ಪಶ್ಚಿಮದ ತೋಳು ತೆರೆದುಕೊಂಡದ್ದು ಆ ಬಳಿಕ. ಆಧಾರಶಿಲೆಯ ದಿಮ್ಮಿಗಳು ಪೂರ್ವಕ್ಕೆ ಇಳಿಜಾರಾದ ಸ್ತರಭಂಗಗಳ ಮೇಲೆ ಜಾರಿ ವಾಲಿದವು. ಇದರ ದಾಖಲೆ ಉಳಿದಿರುವುದು ಮಡ್ಡಿಯಲ್ಲಿ. ಎತ್ತರದಲ್ಲಿ ಉಳಿದ ಲಾ ಮ್ಯೂರ್ ದಿಮ್ಮಿಯ ಮೇಲೆ ಆ ಕಾಲದ ಸುಣ್ಣಕಲ್ಲು ಕೆಲವು ಹತ್ತು ಮೀಟರುಗಳಷ್ಟೇ ದಪ್ಪ. ಸುಮಾರು 25 ಕಿ.ಮೀ. ದೂರದ ಬೂರ್ ದ್ವಾಜಾಂ ತಗ್ಗಿನಲ್ಲಿ ಅದೇ ಕಾಲದ ಸುಣ್ಣಕಲ್ಲು ಮತ್ತು ಜೇಡಿಶಿಲೆಗಳು 1000 ಮೀಟರುಗಳನ್ನೂ ಮೀರುತ್ತವೆ. ಇದನ್ನು ಸಾಗರದಂಚಿನ ಅವಶೇಷವೆಂದು 1980ರ ದಶಕದಲ್ಲಿ ವಿಶದಪಡಿಸಿದವರು ಮಾರ್ಸೆಲ್ ಲೆಮ್ವಾನ್ ಮತ್ತು ಅವರ ಸಹೋದ್ಯೋಗಿಗಳು.

ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಈ ಅಂಚು ಸಂಕೋಚನಕ್ಕೆ ಸಿಲುಕಿತು. ಹಳೆಯ ಸ್ತರಭಂಗಗಳೇ ಆಗ ಹಿಮ್ಮುಖವಾಗಿ ಜಾರಿರಬೇಕೆಂದು ಊಹಿಸುವುದು ಸಹಜ. ಇದಕ್ಕೊಂದು ಯಾಂತ್ರಿಕ ತೊಡಕಿದೆ. ಹಿಗ್ಗುವಿಕೆಯಲ್ಲಿ ಹುಟ್ಟುವ ಸ್ತರಭಂಗದ ಇಳಿಜಾರು ಸಾಮಾನ್ಯವಾಗಿ 60 ಡಿಗ್ರಿಯ ಆಸುಪಾಸಿನದು. ಸಂಕೋಚನದಲ್ಲಿ ಶಿಲೆ ಸುಲಭವಾಗಿ ಜಾರುವುದು 30 ಡಿಗ್ರಿಯ ಆಸುಪಾಸಿನಲ್ಲಿ. ಬಿರುಕಿನೊಳಗಿನ ದ್ರವದ ಒತ್ತಡ ಬಹಳ ಏರಿ ಘರ್ಷಣೆ ತಗ್ಗದ ಹೊರತು ಕಡಿದಾದ ತಲ ಮರಳಿ ಚಲಿಸುವುದು ಕಷ್ಟ. ಈ ತಗ್ಗಿನ ಪಶ್ಚಿಮದ ಓರ್ನೋಂ ಸ್ತರಭಂಗ ಇದಕ್ಕೆ ನಿದರ್ಶನ. ಇಷ್ಟೆಲ್ಲ ಒತ್ತಡದ ನಂತರವೂ ಅದನ್ನು ಜುರಾಸಿಕ್ ಸ್ತರಭಂಗವೆಂದೇ ಗುರುತಿಸಬಹುದಾಗಿದೆ. ಅದು ಜಾರುವುದಕ್ಕಿಂತ ಹೆಚ್ಚಾಗಿ ಗೋಡೆಯಂತೆ ನಿಂತಿತು. ತಗ್ಗಿನ ಮೆತು ಶಿಲೆಗಳು ಆ ಗೋಡೆಗೆ ಒತ್ತಿ ಬಿಗಿಯಾಗಿ ಮಡಿಚಿಕೊಂಡವು. ಆಧಾರಶಿಲೆಯಲ್ಲಿ ಹೊಸ ಜಾರುವಲಯಗಳು ಮೂಡಿದವು.

ಈ ವಿವೇಚನೆ ಕೇವಲ ವರ್ಣನೆಯ ವಿಷಯವಲ್ಲ. ಸ್ತರಗಳು ಮೊದಲಿಗೆ ಸಮಾನ ದಪ್ಪದವಾಗಿದ್ದವೆಂದು ಭಾವಿಸಿದರೆ, ತಗ್ಗಿನ ಸಹಜ ದಪ್ಪವನ್ನು ಒಂದರ ಮೇಲೊಂದು ಪೇರಿದ ಪದರಗಳ ಫಲವೆಂದು ಎಣಿಸಬೇಕಾಗುತ್ತದೆ. ಪರ್ವತ ಕುಗ್ಗಿದ ದೂರದ ಲೆಕ್ಕವೇ ತಪ್ಪುತ್ತದೆ.

ಎಲ್ಲ ಪರ್ವತಗಳಿಗೂ ಆಲ್ಪ್ಸ್‌ನ ತೀರ್ಮಾನವನ್ನು ಅನ್ವಯಿಸಲಾಗದು. ಇರಾನಿನ ಜಾಗ್ರೋಸ್ ಶ್ರೇಣಿಯ ಭೂಕಂಪಗಳು ಕಡಿದಾದ ವಿಲೋಮ ಸ್ತರಭಂಗಗಳ ಮೇಲೆ ಸಂಭವಿಸುತ್ತಿರುವುದನ್ನು ಗಮನಿಸಿ, ಅರೇಬಿಯಾದ ಪ್ರಾಚೀನ ಅಂಚಿನ ಸ್ತರಭಂಗಗಳೇ ಅಲ್ಲಿ ಮರಳಿ ಚಲಿಸುತ್ತಿವೆಯೆಂದು ಜೇಮ್ಸ್ ಜಾಕ್ಸನ್ 1980ರಲ್ಲಿ ಪ್ರತಿಪಾದಿಸಿದರು. ಅಲ್ಲಿನ ಹಲವು ಕಂಪನಗಳು ಆಧಾರಶಿಲೆಯಲ್ಲಲ್ಲ, ಅದರ ಮೇಲಿನ ಮಡ್ಡಿಶಿಲೆಗಳಲ್ಲೇ ಹುಟ್ಟುತ್ತವೆಂದು ಅನಂತರದ ಅಧ್ಯಯನಗಳು ಸೂಚಿಸಿರುವುದರಿಂದ ಆ ವಾದವೂ ಮರುಪರಿಶೀಲನೆಗೆ ಒಳಗಾಗಿದೆ.