ಕರ್ತೃವಿಲ್ಲದ ಕಾರ್ಯವುಂಟೇ? ಈಶ್ವರಸಾಧನೆಯ ಹಳೆಯ ವಾದ

ಜಗತ್ತಿಗೆ ಒಬ್ಬ ಕರ್ತೃ ಇದ್ದಾನೆಂಬುದನ್ನು ಶಾಸ್ತ್ರದ ಆಸರೆಯಿಲ್ಲದೆ, ತರ್ಕವೊಂದರಿಂದಲೇ ಸಾಧಿಸಬಹುದು ಎಂದು ಭಾರತದಲ್ಲಿ ಪಟ್ಟು ಹಿಡಿದು ವಾದಿಸಿದವರು ನ್ಯಾಯದರ್ಶನದವರು, ಅಂದರೆ ನೈಯಾಯಿಕರು. ಅವರನ್ನು ಎದುರಿಸಿದವರು ಕಂಡದ್ದನ್ನಷ್ಟೇ ನಂಬುವ ಚಾರ್ವಾಕರಷ್ಟೇ ಆಗಿರಲಿಲ್ಲ. ಬೌದ್ಧರು ಎದುರಿಸಿದರು, ಜೈನರು ಎದುರಿಸಿದರು, ಸಾಂಖ್ಯರು ಎದುರಿಸಿದರು. ವೇದವೇ ಪರಮಪ್ರಮಾಣ ಎನ್ನುವ ಮೀಮಾಂಸಕರು ಸೃಷ್ಟಿಕರ್ತನೇ ಬೇಡವೆಂದರು. ವಿಷ್ಣುವನ್ನು ಸರ್ವೋತ್ತಮನೆಂದು ನಂಬಿದ ರಾಮಾನುಜರು ಮತ್ತು ಮಧ್ವರು ಕೂಡ ನೈಯಾಯಿಕರ ಸಾಧನೆಯನ್ನು ಒಪ್ಪಲಿಲ್ಲ. ಹಾಗಾಗಿ ಈ ವಾದವನ್ನು ಆಸ್ತಿಕ-ನಾಸ್ತಿಕರ ಜಗಳವೆಂದು ಓದಿದರೆ ಅದರ ತಿರುಳು ಕೈತಪ್ಪುತ್ತದೆ. ದೇವರಿದ್ದಾನೆಯೇ ಎಂಬುದು ಒಂದು ಪ್ರಶ್ನೆ. ಇದ್ದಾನೆಂದು ತರ್ಕದಿಂದ ಗೊತ್ತಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಹಲವು ಶತಮಾನ ನಡೆದ ಈ ಚರ್ಚೆಯ ಕಸುವೆಲ್ಲ ಇರುವುದು ಎರಡನೆಯದರಲ್ಲಿ.

ನೈಯಾಯಿಕರ ಮುಖ್ಯ ಸಾಧನ ಅನುಮಾನ. ಶಾಸ್ತ್ರದಲ್ಲಿ ಅನುಮಾನವೆಂದರೆ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಹೊಗೆಯಿದ್ದಲ್ಲೆಲ್ಲ ಬೆಂಕಿ ಇರುವುದನ್ನು ಅಡುಗೆಮನೆಯಲ್ಲಿ ಕಂಡದ್ದಾಗಿದೆ. ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ‘ಹೊಗೆಯಿದ್ದಲ್ಲೆಲ್ಲ ಬೆಂಕಿ’ ಎಂಬ ತಪ್ಪದ ನಂಟಿಗೆ ವ್ಯಾಪ್ತಿ ಎಂದು ಹೆಸರು. ವ್ಯಾಪ್ತಿ ಗಟ್ಟಿಯಾಗಿದ್ದರೆ ಅನುಮಾನ ಗಟ್ಟಿ, ಅದರಲ್ಲಿ ಬಿರುಕಿದ್ದರೆ ಉಳಿದದ್ದೆಲ್ಲ ವ್ಯರ್ಥ. ಈಶ್ವರಸಾಧನೆಯೂ ಇದೇ ಅಚ್ಚಿನದು. ಭೂಮಿ, ಬೆಟ್ಟ, ಮೊಳಕೆ ಇವುಗಳಿಗೆ ಕರ್ತೃವಿದ್ದಾನೆ, ಏಕೆಂದರೆ ಅವು ಕಾರ್ಯಗಳು. ಅಂದರೆ ಮೊದಲು ಇಲ್ಲದೆ ಆಮೇಲೆ ಉಂಟಾದವು. ಉಂಟಾದದ್ದಕ್ಕೆಲ್ಲ ಮಾಡಿದವನೊಬ್ಬ ಇರುತ್ತಾನೆ, ಮಡಕೆಗೆ ಕುಂಬಾರ ಇರುವಂತೆ.

ಬೆಟ್ಟ ಉಂಟಾದದ್ದೆಂದು ಗೊತ್ತಾಗುವುದು ಹೇಗೆ? ಅದು ಭಾಗಗಳಿಂದ ಕೂಡಿದೆ, ಭಾಗಗಳಿಂದ ಕೂಡಿದ್ದು ಎಂದೋ ಒಮ್ಮೆ ಕೂಡಿರಲೇಬೇಕು ಎಂಬುದು ಅವರ ಉತ್ತರ. ಕರ್ತೃ ಎನ್ನಿಸಿಕೊಳ್ಳಲು ಮೂರು ಗುಣ ಬೇಕು: ಸಾಮಗ್ರಿಯ ನೇರ ಅರಿವು, ಮಾಡಬೇಕೆಂಬ ಇಚ್ಛೆ, ಪ್ರಯತ್ನ. ಕುಂಬಾರನಿಗೆ ಮಣ್ಣು ಗೊತ್ತಿದ್ದರೆ ಸಾಕು. ಜಗತ್ತಿನ ಸಾಮಗ್ರಿಯಾದರೋ ಕಣ್ಣಿಗೆ ಕಾಣದ ಪರಮಾಣುಗಳು. ಅದನ್ನು ರೂಪಿಸುವುದು ಜೀವಿಗಳು ಗಳಿಸಿದ ಪುಣ್ಯಪಾಪ, ಅಂದರೆ ಅದೃಷ್ಟ. ಇವನ್ನೆಲ್ಲ ನೇರವಾಗಿ ಬಲ್ಲವನು ಸರ್ವಜ್ಞನೇ ಆಗಿರಬೇಕು. ನೈಯಾಯಿಕರ ಈಶ್ವರ ಶೂನ್ಯದಿಂದ ಏನನ್ನೂ ಸೃಷ್ಟಿಸುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಪರಮಾಣುಗಳೂ ಆತ್ಮಗಳೂ ಅನಾದಿ. ಇರುವುದನ್ನು ಜೋಡಿಸಿ ನಡೆಸುವ ನಿಮಿತ್ತಕಾರಣ ಮಾತ್ರ ಅವನು.

ಗೌತಮನ ನ್ಯಾಯಸೂತ್ರಗಳಲ್ಲಿ ಈಶ್ವರನ ಮಾತು ಬರುವುದು ನಾಲ್ಕನೆಯ ಅಧ್ಯಾಯದ ಕೆಲವೇ ಸೂತ್ರಗಳಲ್ಲಿ. ಮನುಷ್ಯ ಎಷ್ಟೇ ದುಡಿದರೂ ಫಲ ಕೆಲವೊಮ್ಮೆ ಕೈಗೆ ಬರುವುದಿಲ್ಲ. ಹಾಗಾದರೆ ಫಲ ಕೊಡುವವನು ಬೇರೊಬ್ಬನೇ ಎಂಬ ಸಣ್ಣ ಚರ್ಚೆ ಅದು. ವಾತ್ಸ್ಯಾಯನ, ಉದ್ದ್ಯೋತಕರ, ಕಾಶ್ಮೀರದ ಜಯಂತಭಟ್ಟ, ವಾಚಸ್ಪತಿಮಿಶ್ರ ಇವರ ಕೈಯಲ್ಲಿ ಅದು ಬೆಳೆಯಿತು. ತುದಿ ಮುಟ್ಟಿದ್ದು ಮಿಥಿಲೆಯ ಉದಯನನಲ್ಲಿ. ಅವನ ‘ಲಕ್ಷಣಾವಳಿ’ಯ ಕಾಲ ಕ್ರಿ.ಶ. 984. ಈಶ್ವರನಿಗಾಗಿಯೇ ಅವನು ಬರೆದ ಗ್ರಂಥ ‘ನ್ಯಾಯಕುಸುಮಾಂಜಲಿ’. ತರ್ಕದಿಂದ ದೇವರನ್ನು ಮನನ ಮಾಡುವುದೇ ಉಪಾಸನೆ ಎಂಬುದು ಅವನ ನಿಲುವು, ಗ್ರಂಥದ ಹೆಸರೂ ಹೂವಿನ ಅಂಜಲಿಯದೇ.

ಐದು ಸ್ತಬಕಗಳ, ಅಂದರೆ ಅಧ್ಯಾಯಗಳ, ಈ ಗ್ರಂಥದ ಮೂರನೆಯದರಲ್ಲಿ ಉದಯನ ಎತ್ತಿಕೊಳ್ಳುವುದು ‘ಕಾಣುವುದಿಲ್ಲ, ಆದ್ದರಿಂದ ಇಲ್ಲ’ ಎಂಬ ಆಕ್ಷೇಪವನ್ನು. ನೆಲದ ಮೇಲೆ ಮಡಕೆ ಕಾಣದಿದ್ದರೆ ಅಲ್ಲಿ ಮಡಕೆಯಿಲ್ಲ ಎನ್ನಬಹುದು, ಏಕೆಂದರೆ ಇದ್ದಿದ್ದರೆ ಅದು ಕಾಣಲೇಬೇಕಿತ್ತು. ಕಣ್ಣಿಗೆ ಸಿಗಲಾರದ ವಸ್ತುವಿನ ವಿಷಯದಲ್ಲಿ ಕಾಣದಿರುವುದು ಏನನ್ನೂ ಸಾಧಿಸುವುದಿಲ್ಲ. ಈ ಮಾತು ಇಂದಿಗೂ ಸರಿ. ದೇವರನ್ನು ಕಂಡವರಾರು ಎಂದು ಕೇಳಿ ಚರ್ಚೆ ಮುಗಿಸುವವರು ಇದನ್ನು ಗಮನಿಸುವುದಿಲ್ಲ.

ಕೊನೆಯ ಸ್ತಬಕದಲ್ಲಿ ಸಾಧಕ ಹೇತುಗಳ, ಅಂದರೆ ಈಶ್ವರನನ್ನು ಸಾಧಿಸುವ ಕಾರಣಗಳ ಸಾಲೇ ಇದೆ. ಮೊದಲನೆಯದು ಮೇಲೆ ಹೇಳಿದ ಕಾರ್ಯತ್ವ. ಪ್ರಳಯದ ಬಳಿಕ ಬಿಡಿಬಿಡಿಯಾಗಿರುವ ಜಡ ಪರಮಾಣುಗಳಿಗೆ ಮೊದಲ ಚಲನೆ ಕೊಡಲು ಚೇತನನೊಬ್ಬ ಬೇಕೆಂಬುದು ಇನ್ನೊಂದು. ಲೋಕ ಬೀಳದೆ ನಿಂತಿರುವುದು, ನೇಯ್ಗೆಯಂಥ ಕಸುಬುಗಳಿಗೆ ಮೊದಲ ಗುರುವೊಬ್ಬ ಇದ್ದಿರಬೇಕಾದ್ದು, ವೇದಕ್ಕೆ ಪ್ರಾಮಾಣ್ಯ ಬಂದದ್ದು, ಹೀಗೆ ಸಾಲು ಮುಂದುವರಿಯುತ್ತದೆ. ಎಲ್ಲಕ್ಕಿಂತ ವಿಚಿತ್ರವೂ ಸೂಕ್ಷ್ಮವೂ ಆದದ್ದು ಸಂಖ್ಯೆಯ ವಾದ. ಎರಡು ಪರಮಾಣು ಸೇರಿದಾಗ ದ್ವ್ಯಣುಕ ಹುಟ್ಟುತ್ತದೆ. ಅದರ ಗಾತ್ರ ಪರಮಾಣುವಿನ ಗಾತ್ರದಿಂದ ಬಂದದ್ದಲ್ಲ, ‘ಎರಡು’ ಎಂಬ ಸಂಖ್ಯೆಯಿಂದ ಬಂದದ್ದು. ಎರಡೆಂಬುದು ಹುಟ್ಟಲು ‘ಇದೊಂದು, ಇದೊಂದು’ ಎಂದು ಎಣಿಸುವ ಬುದ್ಧಿ ಬೇಕು. ಸೃಷ್ಟಿಯ ಮೊದಲಲ್ಲಿ ಎಣಿಸಲು ಯಾವ ಜೀವಿ ಇತ್ತು? ಎಣಿಸಿದವನು ಈಶ್ವರ. ನೈಯಾಯಿಕರು ನೆಚ್ಚಿದ ವೈಶೇಷಿಕದರ್ಶನದ ಪರಮಾಣುವಾದವನ್ನು ಒಪ್ಪದವರಿಗೆ ಈ ವಾದ ನಾಟುವುದಿಲ್ಲ. ಆದರೂ ಎಣಿಕೆಯೆಂಬುದು ವಸ್ತುವಿನಲ್ಲಿದೆಯೋ ಬುದ್ಧಿಯಲ್ಲಿದೆಯೋ ಎಂಬ ಆಳದ ಪ್ರಶ್ನೆ ಅದರೊಳಗೆ ಇದೆ.

ಎದುರಾಳಿಗಳ ಪೆಟ್ಟು ಬಿದ್ದದ್ದು ಮುಖ್ಯವಾಗಿ ಮೊದಲ ಹೇತುವಿನ ಮೇಲೆ. ಉದಯನನಿಗೂ ಬಹಳ ಹಿಂದೆ, ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ‘ಪ್ರಮಾಣವಾರ್ತಿಕ’ದಲ್ಲಿ ಹುತ್ತದ ಉದಾಹರಣೆ ಕೊಟ್ಟಿದ್ದ. ಮಡಕೆಯೂ ಮಣ್ಣಿನ ವಿಕಾರ, ಹುತ್ತವೂ ಮಣ್ಣಿನ ವಿಕಾರ. ಹೆಸರಿಗೆ ಹೋಲಿಕೆಯಿದ್ದರೆ ಸಾಕು ಎನ್ನುವುದಾದರೆ ಹುತ್ತವನ್ನೂ ಕುಂಬಾರನೇ ಮಾಡಿದನೆಂದು ಸಾಧಿಸಿದಂತಾಗುತ್ತದೆ. ಎಂಟನೆಯ ಶತಮಾನದ ಶಾಂತರಕ್ಷಿತ ‘ತತ್ತ್ವಸಂಗ್ರಹ’ದ ಈಶ್ವರಪರೀಕ್ಷೆಯಲ್ಲಿ ಇದನ್ನೇ ಇನ್ನಷ್ಟು ಬಿಡಿಸಿದ. ದೇವಾಲಯವನ್ನು ಕಂಡವನಿಗೆ, ಕಟ್ಟಿದವರನ್ನು ನೋಡದಿದ್ದರೂ, ಇದನ್ನು ಯಾರೋ ಕಟ್ಟಿದ್ದಾರೆ ಎನ್ನಿಸುತ್ತದೆ. ಬೆಟ್ಟ ಕಂಡಾಗ ಹಾಗೆ ಅನ್ನಿಸುವುದಿಲ್ಲ. ಎರಡರ ರಚನೆಯೂ ಒಂದೇ ಬಗೆಯದಾಗಿದ್ದರೆ ಈ ವ್ಯತ್ಯಾಸ ಇರುತ್ತಿರಲಿಲ್ಲ. ಬೌದ್ಧರ ಇನ್ನೊಂದು ಆಕ್ಷೇಪ ಈಶ್ವರನ ನಿತ್ಯತ್ವಕ್ಕೆ ಸೇರಿದ್ದು. ಎಂದೆಂದಿಗೂ ಒಂದೇ ರೀತಿ ಇರುವವನು ನಿನ್ನೆ ಸೃಷ್ಟಿಸದೆ ಇಂದು ಸೃಷ್ಟಿಸುವುದು ಹೇಗೆ? ಬದಲಾದರೆ ನಿತ್ಯನಲ್ಲ, ಬದಲಾಗದಿದ್ದರೆ ಕಾರಣನಲ್ಲ.

ಚರ್ಚೆಯ ಅತ್ಯಂತ ಬಿಗಿಯಾದ ಗಂಟು ಒಂದು ಹುಲ್ಲಿನ ಎಸಳಿನಲ್ಲಿದೆ. ಕಾಡಿನಲ್ಲಿ ಯಾರೂ ಬಿತ್ತದೆ ಹುಲ್ಲು ಮೊಳೆಯುತ್ತದೆ. ಅದು ಕಾರ್ಯ, ಅದಕ್ಕೆ ಕರ್ತೃ ಕಾಣುವುದಿಲ್ಲ. ಹಾಗಿದ್ದರೆ ‘ಕಾರ್ಯವಿದ್ದಲ್ಲೆಲ್ಲ ಕರ್ತೃ’ ಎಂಬ ವ್ಯಾಪ್ತಿ ಅಲ್ಲೇ ಮುರಿಯಿತಲ್ಲ ಎಂದು ಎದುರಾಳಿ ಕೇಳುತ್ತಾನೆ. ನೈಯಾಯಿಕನ ಉತ್ತರ ಚತುರವಾದದ್ದು. ಆ ಹುಲ್ಲಿಗೂ ಕರ್ತೃವಿದ್ದಾನೆ ಎಂಬುದನ್ನೇ ಈಗ ಸಾಧಿಸಲಾಗುತ್ತಿದೆ. ಹುಲ್ಲು ಪಕ್ಷದೊಳಗೆ, ಅಂದರೆ ವಿವಾದದ ವಸ್ತುವಿನೊಳಗೆ ಸೇರಿದೆ. ವಿವಾದದ ವಸ್ತುವನ್ನೇ ವಿರೋಧದ ಉದಾಹರಣೆಯಾಗಿ ಬಳಸುವಂತಿಲ್ಲ. ಬೆಟ್ಟದಲ್ಲಿ ಬೆಂಕಿ ಕಾಣದೆಂದು ಹೊಗೆಯ ಅನುಮಾನವನ್ನು ಯಾರೂ ಬಿಡುವುದಿಲ್ಲವಷ್ಟೆ. ಬೌದ್ಧ ಇದಕ್ಕೂ ಬಗ್ಗುವುದಿಲ್ಲ. ವಿರೋಧಿ ಉದಾಹರಣೆಗಳನ್ನೆಲ್ಲ ಪಕ್ಷಕ್ಕೆ ಸೇರಿಸುತ್ತ ಹೋದರೆ ಯಾವ ಸುಳ್ಳು ವ್ಯಾಪ್ತಿಯನ್ನಾದರೂ ಉಳಿಸಿಕೊಳ್ಳಬಹುದು. ಹೊಗೆ-ಬೆಂಕಿಯ ನಂಟು ಗೊತ್ತಾದದ್ದು ಬೆಂಕಿಯಿದ್ದಾಗ ಹೊಗೆ ಕಂಡು, ಇಲ್ಲದಾಗ ಕಾಣದೆ. ಕಾಣದ ಕರ್ತೃವಿನ ವಿಷಯದಲ್ಲಿ ಅವನು ‘ಇಲ್ಲದಾಗ’ ಏನಾಗುತ್ತದೆಂದು ನೋಡಿದವರಾರು? ವಿಕ್ರಮಶಿಲೆಯಲ್ಲಿದ್ದ ಹನ್ನೊಂದನೆಯ ಶತಮಾನದ ರತ್ನಕೀರ್ತಿಯ ‘ಈಶ್ವರಸಾಧನದೂಷಣ’ ವ್ಯಾಪ್ತಿಯ ಈ ಪ್ರಶ್ನೆಯನ್ನೇ ಕೆದಕುತ್ತದೆ.

ಇದರ ಜೊತೆಗೆ ದೇಹದ ಪ್ರಶ್ನೆ ಬಂತು. ಕಂಡ ಕರ್ತೃಗಳೆಲ್ಲ ದೇಹವುಳ್ಳವರು, ಕುಂಬಾರನಿಗೆ ಕೈಕಾಲು ಉಂಟು. ಈಶ್ವರನಿಗೂ ದೇಹವಿದ್ದರೆ ಆ ದೇಹವನ್ನು ಮಾಡಿದವರಾರು? ಇಲ್ಲದಿದ್ದರೆ ದೃಷ್ಟಾಂತ ಹೊಂದುವುದಿಲ್ಲ. ಕರ್ತೃತ್ವಕ್ಕೆ ಬೇಕಾದ್ದು ಅರಿವು, ಇಚ್ಛೆ, ಪ್ರಯತ್ನ ಮಾತ್ರ, ದೇಹ ಅದರ ಲಕ್ಷಣದಲ್ಲಿ ಸೇರಿಲ್ಲ ಎಂದು ನೈಯಾಯಿಕರು ಸಮಾಧಾನ ಹೇಳಿದರು. ಈ ಸಮಾಧಾನ ಪೂರ್ತಿ ತೃಪ್ತಿ ಕೊಡುವುದಿಲ್ಲ. ದೃಷ್ಟಾಂತದಲ್ಲಿ ಅನುಕೂಲವಾದದ್ದನ್ನು ಇಟ್ಟುಕೊಂಡು ಅನನುಕೂಲವಾದದ್ದನ್ನು ಬಿಡಲು ಯಾವ ನಿಯಮವಿದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಮೀಮಾಂಸಕ ಕುಮಾರಿಲಭಟ್ಟ ‘ಶ್ಲೋಕವಾರ್ತಿಕ’ದಲ್ಲಿ ಬೇರೆ ದಿಕ್ಕಿನಿಂದ ಬರುತ್ತಾನೆ. ಸೃಷ್ಟಿಗೆ ಪ್ರಯೋಜನವೇನು? ಕರುಣೆಯೆಂದರೆ, ಸೃಷ್ಟಿಗೆ ಮೊದಲು ಕರುಣೆ ತೋರಲು ಯಾವ ಪ್ರಾಣಿಯೂ ಇರಲಿಲ್ಲ. ಕರುಣೆಯಿಂದಲೇ ಸೃಷ್ಟಿಸಿದ್ದರೆ ಸುಖವೊಂದನ್ನೇ ಸೃಷ್ಟಿಸುತ್ತಿದ್ದ. ಲೀಲೆಯೆಂದರೆ, ಇಷ್ಟೊಂದು ಶ್ರಮದ ಆಟ ಬೇಕಾದವನು ಕೃತಕೃತ್ಯನಲ್ಲ. ಜಗತ್ತು ಒಮ್ಮೆ ಇಲ್ಲದೆ ಆಮೇಲೆ ಒಟ್ಟಾಗಿ ಉಂಟಾಯಿತೆಂಬುದನ್ನೇ ಮೀಮಾಂಸಕರು ಒಪ್ಪುವುದಿಲ್ಲ. ಲೋಕ ಎಂದೂ ಹೀಗೆಯೇ ಇತ್ತು. ಬಿಡಿ ವಸ್ತುಗಳು ಹುಟ್ಟುತ್ತವೆ, ಅಳಿಯುತ್ತವೆ. ವೇದಕ್ಕೆ ಕರ್ತೃ ಬೇಕಿಲ್ಲದಂತೆ ಲೋಕಕ್ಕೂ ಬೇಕಿಲ್ಲ.

ದುಃಖದ ಪ್ರಶ್ನೆಯನ್ನು ಬ್ರಹ್ಮಸೂತ್ರಗಳೇ ನೇರವಾಗಿ ಎತ್ತುತ್ತವೆ: ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ಕಷ್ಟ ಕೊಡುವ ಈಶ್ವರನಿಗೆ ಪಕ್ಷಪಾತ ಮತ್ತು ಕ್ರೌರ್ಯದ ದೋಷ ಬರುವುದಿಲ್ಲವೇ? ಅವನು ಜೀವಿಗಳ ಕರ್ಮವನ್ನು ನೋಡಿ ಕೊಡುತ್ತಾನೆ ಎಂಬುದು ಅಲ್ಲಿನ ಉತ್ತರ. ಶಂಕರರು ಇದನ್ನು ಮಳೆಯ ಹೋಲಿಕೆಯಿಂದ ವಿವರಿಸುತ್ತಾರೆ. ಮಳೆ ಎಲ್ಲ ಬೀಜಕ್ಕೂ ಸಮಾನ, ಬತ್ತವೋ ಜವೆಯೋ ಎಂಬುದು ಬೀಜಕ್ಕೆ ಸೇರಿದ್ದು. ಕರ್ಮವೇ ಎಲ್ಲವನ್ನೂ ನಿರ್ಣಯಿಸುವುದಾದರೆ ಈಶ್ವರ ಯಾಕೆ ಬೇಕು ಎಂಬುದು ಜೈನ, ಬೌದ್ಧರ ಮರುಪ್ರಶ್ನೆ. ಕರ್ಮ ಜಡ, ಜಡಕ್ಕೆ ನಡೆಸುವ ಚೇತನ ಬೇಕು ಎಂದು ನೈಯಾಯಿಕ ಹೇಳಿದರೆ, ಕರುವಿಗಾಗಿ ಹಾಲು ತಾನೇ ಸುರಿಯುವುದಿಲ್ಲವೇ ಎಂದು ಸಾಂಖ್ಯ ಕೇಳುತ್ತಾನೆ. ಮೊದಲ ಕರ್ಮ ಯಾವಾಗಿನದು ಎಂದರೆ ಅನಾದಿ ಎಂಬ ಉತ್ತರ ಬರುತ್ತದೆ. ದೋಷ ದೇವರಿಂದ ಕಳಚುತ್ತದೆ ನಿಜ, ಆದರೆ ನೋವು ಲೋಕದಲ್ಲಿ ಯಾಕಿದೆ ಎಂಬುದಕ್ಕೆ ವಿವರಣೆ ಸಿಗುವುದಿಲ್ಲ.

ಈ ಚರ್ಚೆಯ ಒಂದು ಪ್ರಬಲ ಅಧ್ಯಾಯಕ್ಕೆ ಕನ್ನಡ ನಾಡಿನ ನಂಟಿದೆ. ಈಗ ಕಲಬುರಗಿ ಜಿಲ್ಲೆಗೆ ಸೇರಿದ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ಅಮೋಘವರ್ಷನ ಗುರು, ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತ ‘ಆದಿಪುರಾಣ’ದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಖಂಡಿಸುತ್ತಾರೆ. ಲೋಕವಿಲ್ಲದಾಗ ಕರ್ತೃ ಎಲ್ಲಿ ನಿಂತಿದ್ದ? ಸಾಮಗ್ರಿಯಿಲ್ಲದೆ ಹೇಗೆ ಮಾಡಿದ? ಸಾಮಗ್ರಿಯನ್ನು ಮೊದಲು ಮಾಡಿದನೆಂದರೆ ಅದಕ್ಕೆ ಸಾಮಗ್ರಿ ಯಾವುದು? ಅವನು ತಾನಾಗಿಯೇ ಇರಬಲ್ಲನಾದರೆ ಲೋಕವೇಕೆ ತಾನಾಗಿಯೇ ಇರಬಾರದು? ಇದೇ ಜಿನಸೇನರ ಗ್ರಂಥವನ್ನು ಆಧರಿಸಿ ಪಂಪ 941ರಲ್ಲಿ ಕನ್ನಡದ ‘ಆದಿಪುರಾಣ’ ಬರೆದ. ತೀರ್ಥಂಕರರ ಮೇಲಿನ ಆಳವಾದ ಭಕ್ತಿಯೂ ಸೃಷ್ಟಿಕರ್ತನ ನಿರಾಕರಣೆಯೂ ಒಂದೇ ಗ್ರಂಥದಲ್ಲಿ ಕೂಡಿರುವುದನ್ನು ಇಂದಿನ ಓದುಗರು ಗಮನಿಸಬೇಕು.

ಪರಂಪರೆಯ ಪ್ರಕಾರ ಹಲವು ವರ್ಷ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರ ವಿಮರ್ಶೆ ಇನ್ನೂ ಕುತೂಹಲದ್ದು. ಬ್ರಹ್ಮಸೂತ್ರಗಳಿಗೆ ಬರೆದ ಶ್ರೀಭಾಷ್ಯದ ಆರಂಭದಲ್ಲಿ ಅವರು ಕೇಳುತ್ತಾರೆ: ಜಗತ್ತು ಕಾರ್ಯವೇ ಇರಲಿ, ಅದೆಲ್ಲ ಒಂದೇ ಸಲ ಒಬ್ಬನಿಂದಲೇ ಆಯಿತೆಂಬುದಕ್ಕೆ ಏನು ಆಧಾರ? ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕರ್ತೃಗಳು ಮಾಡಿರಬಹುದಲ್ಲ? ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನ ಸಂಭಾಷಣಾಗ್ರಂಥ 1779ರಲ್ಲಿ ಅಚ್ಚಾದಾಗ ಅದರಲ್ಲೂ ಇದೇ ಪ್ರಶ್ನೆ ಇತ್ತು. ಹಡಗನ್ನು ಹಲವರು ಸೇರಿ ಕಟ್ಟುವಂತೆ ಲೋಕವನ್ನೂ ಹಲವು ದೇವರುಗಳು ಸೇರಿ ಕಟ್ಟಿರಬಾರದೇಕೆ? ಹ್ಯೂಮ್ ಸಂದೇಹವಾದಿ, ರಾಮಾನುಜರು ಪರಮಭಕ್ತರು. ರಾಮಾನುಜರ ಉದ್ದೇಶ ದೇವರನ್ನು ಅಲ್ಲಗಳೆಯುವುದಲ್ಲ, ಅವನನ್ನು ತಿಳಿಯಲು ಶ್ರುತಿಯೊಂದೇ ದಾರಿ ಎಂದು ತೋರಿಸುವುದು. ಮಧ್ವರೂ ಸದಾಗಮಗಳಿಂದಲ್ಲದೆ ಬರೀ ಅನುಮಾನದಿಂದ ವಿಷ್ಣುವನ್ನು ತಿಳಿಯಲಾಗದು ಎಂದರು.

ಹ್ಯೂಮನ ಬಳಿಕ ಯುರೋಪಿನಲ್ಲಿ ವಿಲಿಯಂ ಪೇಲಿ 1802ರಲ್ಲಿ ಗಡಿಯಾರದ ದೃಷ್ಟಾಂತ ಕೊಟ್ಟ; ಜೀವಿಗಳ ಅಂಗರಚನೆಗೆ ವಿನ್ಯಾಸಕಾರ ಬೇಕಿಲ್ಲವೆಂದು ಡಾರ್ವಿನ್ 1859ರಲ್ಲಿ ವಿವರಣೆ ಕೊಟ್ಟ. ಡಾರ್ವಿನ್ನನ ಪೆಟ್ಟು ಉದಯನನಿಗೆ ಅದೇ ರೀತಿ ತಾಗುವುದಿಲ್ಲ. ಉದಯನನ ಮೊದಲ ಹೇತು ರಚನೆಯ ಅಚ್ಚುಕಟ್ಟಲ್ಲ, ಉಂಟಾಗಿದೆ ಎಂಬ ಅಂಶ ಮಾತ್ರ. ಅವನ ವಾದಕ್ಕೆ ನಿಜವಾದ ತೊಡಕು ವ್ಯಾಪ್ತಿಯಲ್ಲೇ ಇದೆ: ಮಡಕೆ, ಬಟ್ಟೆ, ಮನೆಗಳಲ್ಲಿ ಕಂಡ ನಿಯಮವನ್ನು ಒಟ್ಟು ಲೋಕಕ್ಕೆ ಹಿಗ್ಗಿಸುವ ಹಕ್ಕು ಎಲ್ಲಿಂದ ಬಂತೆಂಬುದು ಕೊನೆಗೂ ಸ್ಪಷ್ಟವಾಗುವುದಿಲ್ಲ. ಈ ಮಟ್ಟಿಗೆ ಬೌದ್ಧರ ಕೈ ಮೇಲಾಯಿತೆಂದೇ ಹೇಳಬೇಕು. ಆದರೆ ಸಾಧನೆ ಬಿದ್ದರೆ ಸಾಧ್ಯವೂ, ಅಂದರೆ ಸಾಧಿಸಹೊರಟ ವಿಷಯವೂ, ಬಿದ್ದಂತಲ್ಲ. ಹೊಗೆ ಮಂಜೆಂದು ಗೊತ್ತಾದ ಮಾತ್ರಕ್ಕೆ ಬೆಟ್ಟದಲ್ಲಿ ಬೆಂಕಿಯಿಲ್ಲವೆಂದು ಆಗುವುದಿಲ್ಲ. ರಾಮಾನುಜರು ನಿಂತದ್ದು ಅಲ್ಲಿಯೇ.

ಎದುರಾಳಿಗಳ ಬಗ್ಗೆ ಉದಯನನಿಗೆ ಸಿಟ್ಟಿತ್ತು, ಅವರ ಹೃದಯ ಕಬ್ಬಿಣದಂಥದೆಂದು ಬೇಸರಪಟ್ಟ. ಆದರೆ ಗ್ರಂಥದ ಕೊನೆಯಲ್ಲಿ ಅವರಿಗಾಗಿಯೇ ಪ್ರಾರ್ಥಿಸುತ್ತಾನೆ: ವಿರೋಧಿಸುತ್ತಲೇ ಅವರೂ ನಿನ್ನನ್ನೇ ಚಿಂತಿಸುತ್ತಿದ್ದಾರೆ, ಕಾಲ ಬಂದಾಗ ಅವರನ್ನೂ ದಾಟಿಸು ಎಂದು.

ಇತ್ತಂಡಗಳ ಗ್ರಂಥಗಳಿಗೆ ಒದಗಿದ ಗತಿ ಬೇರೆಬೇರೆ. ‘ನ್ಯಾಯಕುಸುಮಾಂಜಲಿ’ ವ್ಯಾಖ್ಯಾನಗಳೊಂದಿಗೆ ಪಾಠಪರಂಪರೆಯಲ್ಲಿ ಉಳಿಯಿತು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ ನ್ಯಾಯದರ್ಶನವನ್ನು ವಿವರಿಸುವಾಗ ಈ ವಾದವನ್ನೂ ಸೇರಿಸಿಕೊಂಡಿತು. ರತ್ನಕೀರ್ತಿಯ ಸಂಸ್ಕೃತ ಮೂಲ ಮಾತ್ರ ಭಾರತದಲ್ಲಿ ಕಣ್ಮರೆಯಾಯಿತು. ರಾಹುಲ ಸಾಂಕೃತ್ಯಾಯನರು 1930ರ ದಶಕದಲ್ಲಿ ಟಿಬೆಟ್ಟಿನ ಮಠಗಳಲ್ಲಿ ಹುಡುಕಿ ತೆಗೆದ ಹಸ್ತಪ್ರತಿಗಳಿಂದಾಗಿ ಅದು ಮತ್ತೆ ದೊರೆಯಿತು. ಅನಂತಲಾಲ ಠಾಕುರರು ಸಂಪಾದಿಸಿದ ‘ರತ್ನಕೀರ್ತಿನಿಬಂಧಾವಲೀ’ 1957ರಲ್ಲಿ ಪಟ್ನಾದಿಂದ ಪ್ರಕಟವಾಯಿತು.